ಪಾರಿವಾಳಗಳ ವಂಶಾವಳಿ, ಅತ್ತೆಯ ಡಿಸ್ಕು

ನಮ್ಮ ಕಮಗ್ವೇ ಊರಿನ ನಾನೂರ ಹನ್ನೆರಡು ಪಂದ್ಯದ ಪಾರಿವಾಳಗಳ ವಂಶಾವಳಿಯನ್ನು ಶನಿವಾರದೊಳಗೆ ಡೇಟಾಬೇಸಿಗೆ ಹತ್ತಿಸದಿದ್ದರೆ ನನ್ನ ಹೆಸರು ಓಸ್ಮೆಲ್ ಅಲ್ಲ! ತುಂಬಿದ ಸಭೆಯಲ್ಲಿ ಹೀಗೆ ಮೀಸೆ ತಿರುವಿದೆ. ತಪ್ಪಿದರೆ ಪಾರಿವಾಳ ಸಂಘದ ಕಾರ್ಯದರ್ಶಿ ಪದವಿ ಬಿಡುತ್ತೇನೆ ಅಂತಲೂ ಅಂದುಬಿಟ್ಟೆ. ಎಲುಬಿಲ್ಲದ ನಾಲಿಗೆ ನೋಡಿ.

ಮನೆಯ ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಸರ್ವರ್ ಅಂತ ನಾಮಕರಣ ಮಾಡಿದ್ದಾಗಿತ್ತು. ಇನ್ನು ಡೇಟಾಬೇಸ್ ತಂತ್ರಾಂಶ ಕೂರಿಸಬೇಕು. ಬೇರೆ ದೇಶದವರು ಒಂದು ಸಾಲು ಬರೆದರೆ ಅದು ರೆಪೊಸಿಟರಿಯೆಂಬ ಉಗ್ರಾಣದಿಂದ ತಾನೇ ಇಳಿದು ಬರುತ್ತದಂತೆ. ನಮ್ಮ ಕ್ಯೂಬಾದ ಇಂಟರ್ನೆಟ್ಟಿನಲ್ಲಿ ಅದು ಇಳಿಯುವಷ್ಟರಲ್ಲಿ ಪಾರಿವಾಳಗಳಿಗೆ ಮೊಮ್ಮಕ್ಕಳಾಗುತ್ತವೆ. ಅದಕ್ಕೇ ನಾವು ಇಡೀ ಉಗ್ರಾಣವನ್ನೇ ಡಿಸ್ಕಿಗೆ ತುಂಬಿಕೊಂಡು ಸೈಕಲ್ಲಿನಲ್ಲಿ ತರುತ್ತೇವೆ. ಗೆಳೆಯ ರೈದೆಲ್ ಹತ್ತಿರ ಉಗ್ರಾಣವಿತ್ತು, ನನ್ನ ಹತ್ತಿರ ಡಿಸ್ಕಿರಲಿಲ್ಲ. ಮನೆಯಲ್ಲಿದ್ದ ಒಂದೇ ಒಂದು ಡಿಸ್ಕು ಅತ್ತೆ ಸೊಯ್ಲಾ ಅವರದು. ವಾರವಾರವೂ ಅದರಲ್ಲಿ ಅವರ ಧಾರಾವಾಹಿ, ಲುಸೆರೊ ಎಂಬ ಹೆಣ್ಣಿನ ಗೋಳಿನ ಕಥೆ, ತುಂಬಿಸಿಕೊಂಡು ಬರುತ್ತೇವೆ.

"ಅಮ್ಮನ ಡಿಸ್ಕ್ ಮುಟ್ಟಬೇಡ," ಅಂದಳು ಹೆಂಡತಿ ಒದಾಲ್ಮಿಸ್, ಕಾಫಿ ಸೋಸುತ್ತ.

"ನೋಡಿ ಮುಗಿಸಿರೋದನ್ನ ಮಾತ್ರ ಅಳಿಸ್ತೀನಿ ಕಣೆ."

"ಯಾವುದು ಮುಗಿದಿದೆ ಅಂತ ನಿಂಗೇನು ಗೊತ್ತು?"

"ಲಿನಕ್ಸ್ ಅರೆದು ಕುಡಿದೋನಿಗೆ ಧಾರಾವಾಹಿ ಯಾವ ಲೆಕ್ಕ?"

ಅಳಿಸಿದೆ, ತುಂಬಿಸಿದೆ, ತಂದೆ. ತಂತ್ರಾಂಶದ ಒಂದು ಪ್ಯಾಕೇಜನ್ನು ಕರೆದರೆ ಅದು ಇನ್ನೊಂದಿಲ್ಲದೆ ಬರಲೊಲ್ಲೆ ಅಂದಿತು. ಆ ಇನ್ನೊಂದು ತನ್ನ ಮೂವರು ಭಾವಂದಿರನ್ನು ಕೇಳಿತು. ಬೀಗರ ಔತಣವೇ ಸರಿ! ಪುಣ್ಯಕ್ಕೆ ಇಡೀ ಬಳಗ ಉಗ್ರಾಣದಲ್ಲೇ ಇತ್ತು. ಎಲ್ಲರನ್ನೂ ಮಣೆ ಹಾಕಿ ಕೂರಿಸಿದ ಮೇಲೆ ಡೇಟಾಬೇಸ್ ಕಣ್ಣು ಬಿಟ್ಟಿತು. ಸಿದ್ಧವಿದ್ದ ಪಟ್ಟಿಯನ್ನು ಅದಕ್ಕೆ ಸುರಿದೆ.

ಶನಿವಾರ ಸಭೆಗೆ ಸರ್ವರನ್ನೇ ಹೊತ್ತೊಯ್ದೆ. ಅಧ್ಯಕ್ಷ ಎವೆಲಿಯೊ ಬೇಕೆಂದೇ ತನ್ನ ಕುಂಟ ಪಾರಿವಾಳದ ಕಾಲುಂಗುರದ ಸಂಖ್ಯೆ ಹೇಳಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಅದರ ಅಪ್ಪ, ಅಜ್ಜ, ಮುತ್ತಜ್ಜ ಸಾಲಾಗಿ ನಿಂತರು. ಚಪ್ಪಾಳೆಯೋ ಚಪ್ಪಾಳೆ! ಪದವಿ ಉಳಿಯಿತು, ಮೇಲೆ ಎರಡು ಗ್ಲಾಸು ರಮ್ಮೂ ಸಿಕ್ಕಿತು. ನೆಲ ಕಾಣದೆ ಮನೆಗೆ ಬಂದೆ.

ಅತ್ತೆ ಟೀವಿ ಮುಂದೆ ತೂಗುಕುರ್ಚಿಯಲ್ಲಿದ್ದರು. ಪರದೆಯ ತುಂಬ ಪ್ಯಾಕೇಜುಗಳ ಹೆಸರು.

"ಕೊನೇ ಹತ್ತು ಕಂತು ಎಲ್ಲಪ್ಪಾ?"

"ಅದು... ನೋಡಿ ಮುಗಿಸಿದ್ರಲ್ವಾ?"

"ಒಟ್ಟಿಗೇ ನೋಡೋಣ ಅಂತ ಇಟ್ಟುಕೊಂಡಿದ್ದೆ."

ಮಾತು ಮರೆಸಲು ಸಭೆಯ ಸಂಗತಿಯನ್ನೆಲ್ಲ ಬಣ್ಣಿಸಿದೆ. ಅತ್ತೆ ಕುರ್ಚಿ ತೂಗುವುದನ್ನು ನಿಲ್ಲಿಸದೆ ಪೂರ್ತಿ ಕೇಳಿದರು.

"ಬಹಳ ಸಂತೋಷ. ನಾನೂರ ಹನ್ನೆರಡು ಪಾರಿವಾಳಕ್ಕೆ ಅಪ್ಪ ಯಾರು ಅಂತ ಹೇಳಿದೋನು ನೀನು. ಹಾಗೇ ಆ ಲುಸೆರೊ ಮಗೂಗೆ ಅಪ್ಪ ಯಾರು, ಅದೊಂದನ್ನೂ ಹೇಳಿ ಒಳಗೆ ಬಾ."