ಪೈಲ್ವಾನರಿಗೊಂದು ಕುರ್ಚಿ

ಸೋಲನ್ನು ಹೇಗೆ ತಾಳಿಕೊಳ್ಳಬೇಕೆಂದು ಗರಡಿಮನೆಯಲ್ಲಿ ನಮಗೆ ಮೊದಲ ದಿನದಿಂದಲೇ ಕಲಿಸುತ್ತಿದ್ದರು. ಬಿದ್ದರೆ ಏಳು, ಮೈಮೇಲಿನ ಮಣ್ಣು ಕೊಡವಿಕೊ, ಗೆದ್ದವನನ್ನು ತಬ್ಬಿಕೊ, ಮನೆಗೆ ಹೋಗಿ ಉಂಡು ಮಲಗು. ಇಷ್ಟೇ ಪಾಠ. ಆದರೆ ಮರ್ಯಾದೆಯನ್ನು ಹೇಗೆ ತಾಳಿಕೊಳ್ಳಬೇಕೆಂದು ನಮ್ಮ ಉಸ್ತಾದರು ಹೇಳಿಕೊಡಲಿಲ್ಲ. ಜನ ಎದ್ದು ನಿಂತು ಕೈ ಮುಗಿದರೆ ಏನು ಪಟ್ಟು ಹಾಕಬೇಕು, ಕುರ್ಚಿ ತಂದು ಹಾಕಿದರೆ ಹೇಗೆ ತಪ್ಪಿಸಿಕೊಳ್ಳಬೇಕು ಎಂಬುದು ಅವರಿಗೇ ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದು ನನಗೂ ಕಲಿಸಿದ್ದರೆ, ಐವತ್ತೆಂಟನೆಯ ವಯಸ್ಸಿನಲ್ಲಿ ಬಲಗಾಲಿನ ಹೆಬ್ಬೆರಳೊಂದನ್ನು ಉಳಿಸಿಕೊಳ್ಳುವ ದಾರಿ ಕಾಣದೆ ಹೀಗೆ ನಿಮ್ಮ ಮುಂದೆ ಗೋಳು ತೋಡಿಕೊಳ್ಳುವ ಗತಿ ನನಗೆ ಬರುತ್ತಿರಲಿಲ್ಲ.

ನಾನು ಹೂವಿನಹಡಗಲಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿರುವವನು. ಹೆಸರು ಕೊಟ್ರಪ್ಪ. ಆದರೆ ಆ ಹೆಸರಿನಿಂದ ನನ್ನನ್ನು ಕರೆಯುವುದು ಮತದಾರರ ಪಟ್ಟಿ ಮಾತ್ರ. ಊರಿನವರಿಗೆಲ್ಲ ನಾನು ಪೈಲ್ವಾನರು. ಗಿರಣಿಗೆ ಮೊದಲು ಇಪ್ಪತ್ತು ವರ್ಷ ಕುಸ್ತಿಯೇ ನನ್ನ ಹೊಟ್ಟೆಪಾಡು. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಎಲ್ಲಿ ಕುಸ್ತಿಯ ಕಣ ಹದ ಮಾಡಿದರೂ ನನಗೆ ಕರೆ ಬರುತ್ತಿತ್ತು. ಹೋಗುತ್ತಿದ್ದೆ, ಗೆಲ್ಲುತ್ತಿದ್ದೆ, ಬೆಳ್ಳಿ ಕಡಗ ತೊಟ್ಟುಕೊಂಡು ಬರುತ್ತಿದ್ದೆ. ಮೂವತ್ತೆಂಟಕ್ಕೆ ಮಂಡಿ ಕೈಕೊಟ್ಟಿತು, ಕುಸ್ತಿ ಬಿಟ್ಟೆ. ಅಂದರೆ ಕಣಕ್ಕಿಳಿಯುವುದನ್ನು ಬಿಟ್ಟೆ. ಊಟದ ವಿಷಯದಲ್ಲಿ ನಾನಿನ್ನೂ ನಿವೃತ್ತನಾಗಿರಲಿಲ್ಲ. ನಾನು ಆಗಬೇಕೆಂದರೂ ಜನ ಬಿಡಬೇಕಲ್ಲ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತರೆ ಬಡಿಸುವವರು ಎಲ್ಲರ ಎಲೆಗೆ ಎರಡು ಹೋಳಿಗೆ ಹಾಕಿ, ನನ್ನ ಎದುರು ಬಂದು ನಿಂತು, ಹಿಂದೆ ತಿರುಗಿ ಅಡುಗೆ ಮನೆಯತ್ತ ಕೂಗುತ್ತಿದ್ದರು: “ಪೈಲ್ವಾನ್ರು ಕುಂತಾರ, ಬುಟ್ಟಿನ ಇತ್ಲಾಗ ಕಳಸ್ರಿ.” ಬೇಡ ಎಂದರೆ ಮನೆಯ ಯಜಮಾನರು ಬಂದು, ಏನು ಕಡಿಮೆಯಾಯಿತೆಂದು ಕೈ ಹಿಡಿದುಕೊಂಡು ಕೇಳುತ್ತಿದ್ದರು. ಅವರ ಮುಖ ನೋಡಲಾಗದೆ ತಿನ್ನುತ್ತಿದ್ದೆ. ಹಸಿವಿತ್ತು ಎಂಬುದನ್ನೂ ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ನನ್ನ ತೂಕ ಎಷ್ಟೆಂದು ಮಾತ್ರ ನನಗೆ ಗೊತ್ತಿರಲಿಲ್ಲ. ನಗಬೇಡಿ. ನಮ್ಮ ಕಡೆಯ ಮಣ್ಣಿನ ಕುಸ್ತಿಯಲ್ಲಿ ತಕ್ಕಡಿಗೆ ಕೆಲಸವೇ ಇಲ್ಲ. ಊರಿನ ಹಿರಿಯರು ಇಬ್ಬರನ್ನು ಕೈಹಿಡಿದು ಕಣದ ಸುತ್ತ ಒಂದು ಸುತ್ತು ತಿರುಗಿಸುತ್ತಾರೆ. ಜನ ಭುಜ ನೋಡುತ್ತಾರೆ, ತೊಡೆ ನೋಡುತ್ತಾರೆ, “ಜೋಡಿ ಸರಿ ಐತಿ, ಬಿಡ್ರಿ” ಎನ್ನುತ್ತಾರೆ. ಅಷ್ಟಾದರೆ ಕುಸ್ತಿ ಶುರು. ಹಾಗಾಗಿ ನಾನು ಇಪ್ಪತ್ತು ವರ್ಷ ಕಣ್ಣಳತೆಯಲ್ಲೇ ಬದುಕಿದವನು. ಈಚೆಗೆ ಮೊದಲ ಸಲ ಡಾಕ್ಟರರ ಬಳಿ ತೂಕದ ಯಂತ್ರ ಹತ್ತಿದೆ. ಮುಳ್ಳು ಒಂದು ಸುತ್ತು ಹೋಗಿ ಕೊನೆಯಲ್ಲಿ ನಿಂತು ನಡುಗತೊಡಗಿತು. ನರ್ಸಮ್ಮ ಮೆಲ್ಲಗೆ, “ಇಳೀರಿ ಯಜಮಾನ್ರ, ಇದು ಹೋದ್ರ ಇನ್ನೊಂದು ಕೊಡಂಗಿಲ್ಲ ನಮಗ” ಎಂದಳು. ಕೊನೆಗೆ ನನ್ನ ಗಿರಣಿಯಲ್ಲೇ, ಜೋಳದ ಚೀಲ ತೂಗುವ ಕಾಟಾದ ಮೇಲೆ ನಿಂತೆ. ಹೆಂಡತಿ ಬಸವ್ವ ಓದಿ ಹೇಳಿದಳು: ಒಂದು ಕ್ವಿಂಟಲ್ ಇಪ್ಪತ್ತೆಂಟು ಕಿಲೋ. ಹಿಟ್ಟು ಬೀಸಿಸಲು ಬಂದಿದ್ದ ಅಜ್ಜಿಯೊಬ್ಬಳು, “ಚೀಲ ಬಿಟ್ಟು ಎಷ್ಟವ್ವಾ?” ಎಂದು ಕೇಳಿದಳು.

ಡಾಕ್ಟರರ ಬಳಿ ಹೋಗಲು ಕಾರಣ ಬೆರಳು. ಒಂದು ಬೆಳಿಗ್ಗೆ ಪಡಸಾಲೆಯ ನೆಲದ ಮೇಲೆ ರಕ್ತದ ಕಲೆ ನೋಡಿ ಬಸವ್ವ, ಬೆಕ್ಕು ಏನೋ ತಂದು ಹಾಕಿದೆಯೆಂದು ಬೈಯುತ್ತಾ ಒರೆಸಿದಳು. ಒರೆಸುತ್ತಾ ಒರೆಸುತ್ತಾ ನನ್ನ ಕಾಲಿನವರೆಗೆ ಬಂದಳು. ಚಪ್ಪಲಿ ಕಚ್ಚಿ ಹೆಬ್ಬೆರಳು ಹುಣ್ಣಾಗಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ಡಾಕ್ಟರರು ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆ ಕಾಯಿಲೆ ಎಂದರು. “ಮೂರು ತಿಂಗಳು ಟೈಮು ಪೈಲ್ವಾನರೇ. ಸಕ್ಕರೆ ಇಳೀಬೇಕು, ತೂಕ ಇಳೀಬೇಕು. ಗಾಯದ ಕಾಲಿನ ಮೇಲೆ ಭಾರ ಹಾಕಬೇಡಿ, ಕೂತು ಮಲಗಿ ಮಾಡೋ ವ್ಯಾಯಾಮ ಮಾಡಿ. ಇಲ್ಲದಿದ್ದರೆ ಬೆರಳು ತೆಗೆಯಬೇಕಾಗುತ್ತೆ” ಎಂದರು. ಬೆರಳಲ್ಲವೇ, ಹೋದರೆ ಹೋಗಲಿ ಎನ್ನುವವರಿರಬಹುದು. ಕುಸ್ತಿಯವನಿಗೆ ಹೆಬ್ಬೆರಳೆಂದರೆ ಏನೆಂದು ಅವರಿಗೆ ಗೊತ್ತಿಲ್ಲ. ಎದುರಾಳಿ ಸೊಂಟಕ್ಕೆ ಕೈಹಾಕಿ ಎತ್ತಲು ಬಂದಾಗ ನಾವು ಮಣ್ಣನ್ನು ಕಚ್ಚಿ ಹಿಡಿಯುವುದು ಆ ಬೆರಳಿನಿಂದಲೇ. ನನ್ನನ್ನು ಎತ್ತಲಾಗದೆ ಸೋತವರೆಲ್ಲ ಸೋತದ್ದು ಆ ಬೆರಳಿಗೆ. ಆಸ್ಪತ್ರೆಯಿಂದ ಹೊರಗೆ ಬಂದವನು ಬೇವಿನ ಮರದ ಕೆಳಗೆ ಸುಮ್ಮನೆ ನಿಂತುಬಿಟ್ಟೆ. ನನಗೆ ಭಯವಾಗಿತ್ತು. ಅಷ್ಟು ಭಯ ಯಾವ ಕಣದಲ್ಲೂ ಆಗಿರಲಿಲ್ಲ.

ಶಿಬಿರದ ಸುದ್ದಿ ತಂದವಳು ಬಸವ್ವ. ದಿನಾ ಬೆಳಿಗ್ಗೆ ಆರಕ್ಕೆ ಕಲ್ಯಾಣ ಮಂಟಪವೊಂದರಲ್ಲಿ ಮೈ ಇಳಿಸುವ ತರಗತಿ ನಡೆಯುತ್ತದೆ, ಹೋದವರೆಲ್ಲ ಬಳ್ಳಿಯಾಗಿದ್ದಾರೆ ಎಂದಳು. ನಡೆಸುವವರು ಯಾರು ಎಂದು ಕೇಳಿದೆ. “ಹಲವಾಗಲು ಹನುಮಂತಪ್ಪ ಅಂತ. ಮೊದಲು ಕುಸ್ತಿ ಹಿಡೀತಿದ್ರಂತ” ಎಂದಳು. ನನ್ನ ಮುಖ ಸಪ್ಪಗಾಯಿತು. ಮೂವತ್ತು ವರ್ಷದ ಹಿಂದೆ ಇಟ್ಟಿಗಿ ಊರಿನ ಕಣದಲ್ಲಿ ಇದೇ ಹನುಮಂತಪ್ಪನನ್ನು ನಾನು ಚಿತ್ ಮಾಡಿದ್ದೆ. ಅವನು ಅದಾದ ಮೇಲೆ ಕೆಲವೇ ವರ್ಷಕ್ಕೆ ಕುಸ್ತಿ ಬಿಟ್ಟು, ಎಲ್ಲೆಲ್ಲೋ ಹೋಗಿ ಯೋಗ, ವ್ಯಾಯಾಮ ಎಂದೇನೇನೋ ಕಲಿತು, ಈಗ ಹಡಗಲಿಯಲ್ಲಿ ಮಗಳ ಮನೆಯಲ್ಲಿದ್ದುಕೊಂಡು ಮೇಷ್ಟ್ರಾಗಿದ್ದಾನೆ. ಐವತ್ತಾರು ವರ್ಷ ದಾಟಿದರೂ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ತಲೆ ಕೆಳಗೆ ಕಾಲು ಮೇಲೆ ಮಾಡಿ ನಿಲ್ಲುತ್ತಾನಂತೆ. “ನೋಡ್ರಿ, ಅವರು ಸೋತು ಉದ್ಧಾರ ಆದ್ರು, ನೀವು ಗೆದ್ದು ಹಿಂಗಾದ್ರಿ” ಎಂದು ಬಸವ್ವ ಒಂದೇ ಮಾತಿನಲ್ಲಿ ನನ್ನ ಜೀವನಚರಿತ್ರೆ ಮುಗಿಸಿದಳು. ಸೋತವನ ಮುಂದೆ ಹೋಗಿ ನನಗೆ ಕಲಿಸಪ್ಪಾ ಎನ್ನುವುದು ಸುಲಭವಲ್ಲ. ಎರಡು ದಿನ ಒದ್ದಾಡಿದೆ. ಮೂರನೆಯ ದಿನ ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೊರಟೆ.

ಅಲ್ಲಿಗೆ ಹೋಗಿ ಕಾಲಿಡುವಷ್ಟರಲ್ಲಿ ಹನುಮಂತಪ್ಪ ನನ್ನನ್ನು ಕಂಡ. ಅಷ್ಟು ದೂರದಿಂದ ಓಡಿಬಂದು ಕಾಲಿಗೆರಗಿದ. “ಯಾರಲ್ಲಿ, ಪೈಲ್ವಾನರಿಗೊಂದು ಕುರ್ಚಿ ಹಾಕ್ರಿ” ಎಂದ. ನಾನು ಚಾಪೆ ತೋರಿಸಿದೆ. ಅವನು ಅದನ್ನು ನನ್ನ ಕೈಯಿಂದ ಕಸಿದು ಮೂಲೆಗೆ ಇಟ್ಟು, ಕೆಂಪು ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಾನೇ ಒರೆಸಿ ನನ್ನನ್ನು ಕೂರಿಸಿದ. ಆಮೇಲೆ ಮೂವತ್ತು ಜನರ ಕಡೆ ತಿರುಗಿ, “ನನ್ನ ಆಯುಷ್ಯದಾಗ ನನ್ನ ಬೆನ್ನಿಗೆ ಮಣ್ಣು ಹಚ್ಚಿದಾವರು ಒಬ್ಬರ. ಅವರ ಇವರು” ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮೂರಲ್ಲಿ ಮಲ್ಲಿಗೆಗೆ ಬರವಿಲ್ಲ, ಯಾರೋ ಓಡಿಹೋಗಿ ಹಾರ ತಂದರು. ಮೊದಲ ದಿನ ಹಾರ ಹಾಕಿಕೊಂಡು ಕುರ್ಚಿಯ ಮೇಲೆ ಕೂತಿದ್ದು ಎದ್ದು ಬಂದೆ. ಸತ್ಯ ಹೇಳಬೇಕೆಂದರೆ ಚೆನ್ನಾಗಿತ್ತು.

ಎರಡನೆಯ ದಿನ ಹೋಗುವಷ್ಟರಲ್ಲಿ ಕುರ್ಚಿ ಹಾಕಿಯೇ ಇತ್ತು. ಮೂರನೆಯ ದಿನ ಅದರ ಮೇಲೊಂದು ಟವೆಲ್ ಹಾಸಿತ್ತು. ನಾಲ್ಕನೆಯ ದಿನದಿಂದ ಹನುಮಂತಪ್ಪ ನನಗೊಂದು ಕೆಲಸವನ್ನೂ ಕೊಟ್ಟ: ಎಣಿಸುವುದು. ಮೂವತ್ತು ಜನ ಮಲಗಿ ಕಾಲು ಎತ್ತುವುದು, ನಾನು ಕುರ್ಚಿಯ ಮೇಲೆ ಕೂತು ಒಂದು, ಎರಡು, ಮೂರು ಎನ್ನುವುದು. ಹಳೆಯ ಗಂಟಲು, ಗಟ್ಟಿಯಾಗಿ ಬರುತ್ತಿತ್ತು. ಅವರು ಬೆವರುತ್ತಿದ್ದರು, ಇಳಿಯುತ್ತಿದ್ದರು. ಪ್ರೈಮರಿ ಶಾಲೆಯ ಟೀಚರೊಬ್ಬರು ಮೂರು ವಾರದಲ್ಲಿ ನಾಲ್ಕು ಕಿಲೋ ಇಳಿದು, ನನ್ನ ಬಳಿ ಬಂದು, “ನಿಮ್ಮ ದನಿ ಕೇಳಿದ್ರ ಕಾಲು ತಾವ ಏಳ್ತಾವ್ರಿ” ಎಂದು ಕೈಮುಗಿದರು. ತರಗತಿ ಮುಗಿದ ಮೇಲೆ ಹಿರಿಯ ಪೈಲ್ವಾನರಿಗೆಂದು ಬಾದಾಮಿ ಹಾಲು ಬರುತ್ತಿತ್ತು. ಸಕ್ಕರೆ ಬೇಡ ಎನ್ನುತ್ತಿದ್ದೆ. ಸಕ್ಕರೆ ಹಾಕಿಲ್ಲ, ಬೆಲ್ಲ ಹಾಕಿದ್ದೇವೆ ಎನ್ನುತ್ತಿದ್ದರು.

ಮನೆಗೆ ಬಂದರೆ ಬಸವ್ವ ಬಾಗಿಲಲ್ಲೇ ಕಾಯುತ್ತಿರುತ್ತಿದ್ದಳು. ಅವಳು ಐದಕ್ಕೇ ಎದ್ದು, ಎಣ್ಣೆ ಹಾಕದ ಪಲ್ಯ, ಎರಡೇ ಎರಡು ರೊಟ್ಟಿ ಮಾಡಿಟ್ಟು, ನನ್ನ ಜೊತೆ ತಾನೂ ಎರಡೇ ತಿನ್ನಲು ಶುರು ಮಾಡಿದ್ದಳು. ಅವಳ ಮೈಯಲ್ಲಿ ಮೊದಲೇ ಏನೂ ಇರಲಿಲ್ಲ. “ಇವತ್ತು ಎಷ್ಟು ಸಲ ಕಾಲು ಎತ್ತಿದ್ರಿ?” ಎಂದು ಕೇಳುತ್ತಿದ್ದಳು. ಕುರ್ಚಿಯ ಮೇಲೆ ಕೂತಿದ್ದೆ ಎಂದು ಆ ಮುಖಕ್ಕೆ ಹೇಗೆ ಹೇಳಲಿ? ಐದು ಎಂದೆ. ಮರುವಾರ ಎಂಟು ಎಂದೆ. ಆಮೇಲೆ ಹನ್ನೆರಡಕ್ಕೆ ಬಂದು ನಿಂತಿದ್ದೆ.

ತಿಂಗಳ ಪರೀಕ್ಷೆಯಲ್ಲಿ ಸಕ್ಕರೆ ಮೊದಲಿಗಿಂತ ಮೇಲೆ ಹೋಗಿತ್ತು. ಡಾಕ್ಟರರು ಕನ್ನಡಕ ತೆಗೆದು, “ಶಿಬಿರಕ್ಕೆ ಹೋಗ್ತಿದ್ದೀರಾ?” ಎಂದರು. “ಒಂದು ದಿನವೂ ತಪ್ಪಿಸಿಲ್ಲ” ಎಂದೆ. ಅಕ್ಷರಶಃ ನಿಜ. ಬೆರಳು ನೋಡಿ ಅವರು ಹೊಸ ಚೀಟಿ ಬರೆದರು. ಬಸವ್ವ ಮಾತ್ರ ಚೀಟಿ ಮಡಿಸಿ ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡು, “ಮೈ ಹಳೇದು, ತಡ ಆಕೈತಿ. ನೀವು ಇಷ್ಟು ಕಷ್ಟ ಬೀಳಾಕ ಹತ್ತೀರಿ, ದೇವರು ನೋಡತಿರತಾನ” ಎಂದು ನನಗೇ ಸಮಾಧಾನ ಹೇಳಿದಳು. ದೇವರು ನೋಡುತ್ತಿದ್ದಾನೆ ಎಂಬುದೇ ನನ್ನ ಚಿಂತೆಯಾಗಿತ್ತು.

ಮರುದಿನ ತರಗತಿ ಮುಗಿದ ಮೇಲೆ ಎಲ್ಲರೂ ಹೋಗುವವರೆಗೆ ಕಾದು ಹನುಮಂತಪ್ಪನನ್ನು ಹಿಡಿದುಕೊಂಡೆ. “ತಮ್ಮಾ, ನನಗ ಈ ಕುರ್ಚಿ ಬ್ಯಾಡೋ. ನನ್ನನ್ನೂ ನೆಲದ ಮ್ಯಾಲ ಮಲಗಿಸು” ಎಂದೆ. ಅವನು ನನ್ನ ಎದುರು ನೆಲದ ಮೇಲೆ ಕೂತು ಹೇಳಿದ: “ಅಣ್ಣಾರ, ನಾ ಜೀವನದಾಗ ಒಂದ ಸಲ ಬಿದ್ದೀನಿ. ಅದನ್ನ ಈ ಮಂದಿಗೆ ದಿನಾ ಹೇಳ್ತೀನಿ. ಕುರ್ಚಿ ಮ್ಯಾಲ ನಿಮ್ಮನ್ನ ನೋಡಿ, ಇಂಥಾವರ ಕೈಯಾಗ ಬಿದ್ರ ತಪ್ಪಿಲ್ಲ ಬಿಡು ಅಂತಾರ ಅವರು. ನಾಳೆ ನೀವು ಕೆಳಗ ಮಲಗಿ, ಏಳಾಕ ಬರಲಾರದ ಒದ್ದಾಡಿದ್ರ? ಇವರ ಕೈಯಾಗ ಬಿದ್ದಿದ್ದೇನು ನೀ ಅಂತ ನನ್ನ ಕೇಳ್ತಾರ. ನನ್ನ ಸೋಲಿಗಾದ್ರೂ ಒಂದು ಕಿಮ್ಮತ್ತು ಬ್ಯಾಡೇನ್ರಿ?”

ಮೂವತ್ತು ವರ್ಷ ಅವನು ಆ ಸೋಲನ್ನು ಒರೆಸಿ ಒರೆಸಿ ಇಟ್ಟುಕೊಂಡಿದ್ದ. ನಾನು ಆ ಗೆಲುವನ್ನು ತಿಂದು ಮುಗಿಸಿದ್ದೆ. ಕಾಲು ಮುಂದೆ ಚಾಚಿ, ಬೆರಳಿನ ಪಟ್ಟಿ ಬಿಚ್ಚು ಎಂದೆ. ಅವನು ಬಿಚ್ಚಿದ. ನೋಡಿದ. ಇಟ್ಟಿಗಿಯ ಮಣ್ಣಿನಲ್ಲಿ ಅವನು ಎಷ್ಟು ಎಳೆದರೂ ಜಗ್ಗದ ಬೆರಳು ಅದು, ಅವನಿಗೂ ಅದರ ಪರಿಚಯವಿತ್ತು. “ಇದನ್ನ ಮೊದಲ ದಿನಾನ ಹೇಳಬಾರದೇನ್ರಿ ಅಣ್ಣಾರ” ಎಂದ. ಪಟ್ಟಿಯನ್ನು ಮತ್ತೆ ಜೋಪಾನವಾಗಿ ಸುತ್ತಿದ. “ನಾಳಿಂದ ಕುರ್ಚಿ ಇರಂಗಿಲ್ಲ. ಹಿಂದಿನ ಸಾಲಿನಾಗ, ಗ್ವಾಡಿ ಕಡೆ, ನಿಮಗೊಂದು ಚಾಪಿ ಹಾಸಿರ್ತೀನಿ. ನಾ ನಿಮ್ಮ ಕಡೆ ನೋಡಂಗಿಲ್ಲ. ಯಾರಿಗೂ ನೋಡಾಕ ಬಿಡಂಗಿಲ್ಲ. ಏಳಾಕ ಬರಲಿಲ್ಲಂದ್ರ ಮಂದಿ ಹೋದ ಮ್ಯಾಲ ನಾ ಎಬ್ಬಸ್ತೀನಿ” ಎಂದ. ಆ ದಿನ ಮನೆಗೆ ಹಗುರಾಗಿ ಬಂದೆ. ಕಾಟಾದ ಮೇಲೆ ನಿಂತಿದ್ದರೆ ಕಾಣುತ್ತಿರಲಿಲ್ಲ, ಆದರೆ ಹಗುರಾಗಿದ್ದೆ.

ಇವತ್ತು ಬೆಳಿಗ್ಗೆ ಹೋದೆ. ಹನುಮಂತಪ್ಪ ಮಾತಿಗೆ ತಪ್ಪಿರಲಿಲ್ಲ. ಗೋಡೆಯ ಪಕ್ಕ ಚಾಪೆ ಹಾಸಿ, ಗಾಯದ ಕಾಲಿಗೆ ಒತ್ತದಿರಲೆಂದು ಕಂಬಳಿಯೊಂದನ್ನು ಮಡಿಸಿ ಇಟ್ಟಿದ್ದ. ಬಾಗಿಲಲ್ಲಿ ನಾನು ನಿಂತಾಗ ಯಾರೂ ಏಳಲಿಲ್ಲ. ಟೀಚರು ಒಮ್ಮೆ ನೋಡಿ, ಅವನು ಹೇಳಿದ್ದು ನೆನಪಾಯಿತೋ ಏನೋ, ತಟಕ್ಕನೆ ಮುಖ ತಿರುಗಿಸಿದರು. ಒಂದು, ಎರಡು, ಮೂರು ಎಂದು ಹನುಮಂತಪ್ಪ ತಾನೇ ಎಣಿಸುತ್ತಿದ್ದ. ದನಿ ತೆಳುವು, ಆದರೂ ಎಲ್ಲರ ಕಾಲುಗಳೂ ಏಳುತ್ತಿದ್ದವು. ನನಗೆ ಬೇಕಾಗಿದ್ದುದು ಇದೇ ಅಲ್ಲವೇ? ಇದಕ್ಕೇ ಅಲ್ಲವೇ ಅಂಗಲಾಚಿದ್ದು? ಆದರೆ ನನ್ನ ಕಣ್ಣು ಚಾಪೆಯನ್ನು ಬಿಟ್ಟು ಕುರ್ಚಿಯನ್ನು ಹುಡುಕತೊಡಗಿತು. ಮಂಟಪದ ಮೂಲೆಯಲ್ಲಿ ಹತ್ತಾರು ಕೆಂಪು ಕುರ್ಚಿಗಳನ್ನು ಒಂದರೊಳಗೊಂದು ಪೇರಿಸಿಟ್ಟಿದ್ದರು. ಅದರಲ್ಲಿ ನನ್ನದು ಯಾವುದೆಂದು ಗೊತ್ತಾಗಲಿಲ್ಲ. ಚಪ್ಪಲಿ ಬಿಡದೆ ಸ್ವಲ್ಪ ಹೊತ್ತು ನಿಂತಿದ್ದೆ. ಹನುಮಂತಪ್ಪ ಕೊಟ್ಟ ಮಾತಿನಂತೆ ನನ್ನ ಕಡೆ ನೋಡಲೇ ಇಲ್ಲ. ಸದ್ದಿಲ್ಲದೆ ಹಿಂದಿರುಗಿದೆ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಒಂದು ತಾಸು ಕೂತು ಸಕ್ಕರೆ ಇಲ್ಲದ ಚಹಾ ಕುಡಿದೆ. ಅಷ್ಟರಮಟ್ಟಿನ ಶಿಸ್ತು ನನ್ನಲ್ಲಿನ್ನೂ ಇದೆ.

ಮನೆಗೆ ಬಂದಾಗ ಬಸವ್ವ ಬಿಸಿನೀರು, ಹತ್ತಿ, ಔಷಧ ಇಟ್ಟುಕೊಂಡು ಕಾಯುತ್ತಿದ್ದಳು. ನನ್ನನ್ನು ಕಟ್ಟೆಯ ಮೇಲೆ ಕೂರಿಸಿ, ತಾನು ಕೆಳಗೆ ಕೂತು, ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಪಟ್ಟಿ ಬಿಚ್ಚಿದಳು. “ಇವತ್ತು ಎಷ್ಟು ಸಲ ಎತ್ತಿದ್ರಿ?” ಎಂದಳು. ಹದಿನೈದು ಎಂದೆ. ಹೆಚ್ಚು ಹೇಳಿದರೆ ನಂಬಲಿಕ್ಕಿಲ್ಲವೆಂದು ಯೋಚಿಸಿಯೇ ಹೇಳಿದೆ. ಅವಳು ತಲೆ ಎತ್ತದೆ ಬೆರಳನ್ನು ಒರೆಸಿದಳು. “ಅದಕ್ಕ ನೋಡ್ರಿ, ಇವತ್ತು ಬಾಳ ಚೊಲೋ ಕಾಣ್ತೈತಿ. ನೀವ ನೋಡ್ರಿ ಬೇಕಾದ್ರ” ಎಂದಳು. ನೋಡೋಣವೆಂದು ಬಾಗಿದೆ. ಹೊಟ್ಟೆ ಅಡ್ಡ ಬಂತು. ಇನ್ನೂ ಸ್ವಲ್ಪ ಬಾಗಿದೆ, ಉಸಿರು ಕಟ್ಟಿತೇ ಹೊರತು ಬೆರಳು ಕಾಣಲಿಲ್ಲ.

“ಹೌದು, ಚೊಲೋ ಆಗೇತಿ” ಎಂದೆ.