ಥಂಡಿಗೆ ಕಣ್ಣು ಮುಚ್ಚುವ ದೀಪ

ಕಂಡದ್ದನ್ನೆಲ್ಲ ನಂಬದಿರುವುದು ದೊಡ್ಡ ವಿದ್ಯೆ ಎಂದು ವಿಶ್ವವಿದ್ಯಾಲಯದಲ್ಲಿದ್ದಾಗ ನಾನು ತಿಳಿದಿದ್ದೆ. ತತ್ತ್ವಶಾಸ್ತ್ರದ ವಿದ್ಯಾರ್ಥಿ. ಎದುರಿಗಿರುವ ಮೇಜು ನಿಜವಾಗಿಯೂ ಇದೆಯೇ ಎಂದು ಎರಡು ವರ್ಷ ಚರ್ಚಿಸಿ, ಇದ್ದರೂ ಇರಬಹುದು ಎಂಬ ತೀರ್ಮಾನಕ್ಕೆ ಬಂದು ಪದವಿ ಪಡೆದವನು. ಆಗ ನನ್ನ ಸಂಶಯವೆಲ್ಲ ಜಗತ್ತಿನ ಮೇಲಿತ್ತು. ವಯಸ್ಸು ಐವತ್ತು ದಾಟಿದ ಮೇಲೆ ಅದು ಜಗತ್ತನ್ನು ಬಿಟ್ಟು ನನ್ನ ನೆನಪಿನ ಮೇಲೆ ತಿರುಗಿದೆ. ಬಾಗಿಲಿಗೆ ಬೀಗ ಹಾಕಿ ಓಣಿಯ ತಿರುವಿನವರೆಗೆ ಹೋದವನು, ಹಾಕಿದೆನೋ ಇಲ್ಲವೋ ಎಂದು ಮರಳಿ ಬರುತ್ತೇನೆ. ಬೀಗ ಜಗ್ಗಿ ನೋಡಿ ಮತ್ತೆ ತಿರುವು ಮುಟ್ಟುವಷ್ಟರಲ್ಲಿ, ಜಗ್ಗಿದ್ದು ಇವತ್ತೋ ನಿನ್ನೆಯೋ ಎಂಬ ಹೊಸ ಪ್ರಶ್ನೆ ಏಳುತ್ತದೆ. ಹೋದ ವರ್ಷ ಸುರಪುರದ ಒಂದು ಮದುವೆಗೆ ಸ್ಕೂಟರಿನಲ್ಲಿ ಹೋಗಿ, ಹೊಟ್ಟೆತುಂಬ ಉಂಡು, ಬಸ್ಸಿನಲ್ಲಿ ಶಹಾಪುರಕ್ಕೆ ವಾಪಸು ಬಂದಿದ್ದೆ. ಸಂಜೆ ಅಂಗಳದಲ್ಲಿ ಸ್ಕೂಟರು ಕಾಣದೆ, ಕಳುವಾಯಿತೆಂದು ಓಣಿಯ ಮಂದಿಯನ್ನೆಲ್ಲ ಕೂಡಿಸಿದೆ. ಎಲ್ಲರೂ ಕಳ್ಳನ ಎತ್ತರ, ಬಣ್ಣ ಚರ್ಚಿಸುತ್ತಿದ್ದಾಗ ನನ್ನ ಹೆಂಡತಿ ಗಿರಿಜಾ ನಡುವೆ ಬಂದು, "ನೀವು ಬಸ್ಸಿಳಿದು ನಡಕೋತ ಬಂದಿದ್ದು ನಾ ನೋಡೀನ್ರಿ" ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ನನ್ನ ಸಾಕ್ಷಿಗೆ ಬೆಲೆ ಇಲ್ಲ.

ಗಿರಿಜಾಳ ಬಗ್ಗೆ ಒಂದು ಮಾತು ಹೇಳಬೇಕು. ಅವಳು ಸೈಕಲ್ಲು ಕಲಿತದ್ದು ತಲೆಯಲ್ಲಿ ಬಿಳಿಗೂದಲು ಬಂದ ಮೇಲೆ. ತಂಗಿಯ ಮಗಳು ನಮ್ಮಲ್ಲಿದ್ದು ಓದು ಮುಗಿಸಿ ಹೋದಾಗ ಬಿಟ್ಟುಹೋದ ಸೈಕಲ್ಲೊಂದು ಗೋಡೆಗೆ ಒರಗಿ ನಿಂತಿತ್ತು. ಒಂದು ದಿನ ಅದರ ಧೂಳು ಒರೆಸುತ್ತ, "ನನಗ ಇದು ಬರ್ತದೇನ್ರಿ?" ಎಂದು ಕೇಳಿದಳು. ಕೇಳಿದ್ದು ನನ್ನನ್ನೋ ಸೈಕಲ್ಲನ್ನೋ ತಿಳಿಯಲಿಲ್ಲ. ಹಿಂದಿನ ಕ್ಯಾರಿಯರ್ ಹಿಡಿದು ನಾನು ಓಡಿದೆ. ಅವಳು ಬೇಗ ಕಲಿತಳು, ನನಗೆ ದಮ್ಮು ಹತ್ತಿತು. ಆದರೆ ಒಂದು ಕರಾರು: ಮಂದಿ ನೋಡಬಾರದು. "ಓಣ್ಯಾನವರು ಎದ್ದು ಅಂಗಳಕ್ಕ ನೀರ್ ಹೊಡಿಯೂದ್ರಾಗ ನಾ ಮನಿಯೊಳಗಿರಬೇಕು ನೋಡ್ರಿ." ಹಾಗಾಗಿ ಬೆಳಕು ಹರಿಯುವ ಮೊದಲು ದೋರನಹಳ್ಳಿಯ ದಾರಿ ಹಿಡಿಯುತ್ತೇವೆ. ನನ್ನ ಹಳೆಯ ಸೈಕಲ್ಲಿನ ಹ್ಯಾಂಡಲ್ಲಿನಲ್ಲಿ ಚಾರ್ಜ್ ಮಾಡುವ ದೀಪ, ಪಕ್ಕದಲ್ಲಿ ಅವಳು. ಊರು ದಾಟಿದ ಮೇಲೆ ಒಂದು ಇಳಿಜಾರಿದೆ. ಮನೆಯಲ್ಲಿ ಎಂದೂ ದನಿ ಎತ್ತದವಳು ಅಲ್ಲಿ ಪೆಡಲು ಬಿಟ್ಟು, ಸೈಕಲ್ಲು ತಾನೇ ಓಡುವಾಗ, ದೊಡ್ಡದಾಗಿ ನಗುತ್ತಾಳೆ. ಆ ನಗೆ ಕೇಳಲು ನಾನು ಯಾದಗಿರಿಯವರೆಗೂ ಪೆಡಲು ತುಳಿದೇನು.

ಬೇಸಿಗೆ, ಮಳೆಗಾಲ ಸುಸೂತ್ರ ಕಳೆದವು. ಥಂಡಿ ಬಿದ್ದ ಮೇಲೆ ಒಂದು ನಸುಕಿನಲ್ಲಿ, ಹತ್ತಿ ಹೊಲದ ಹತ್ತಿರ, ದೀಪ ಒಮ್ಮೆ ಮಿಣುಕಿ ಆರಿತು.

"ಚಾರ್ಜಿಗಿ ಹಚ್ಚಿದ್ರೇನ್ರಿ?" ಎಂದಳು ಗಿರಿಜಾ.

"ಹಚ್ಚಿದ್ದೆ."

"ಹಚ್ಚಿದ್ದು ನೆಪ್ಪದ ಏನು?"

ಇದು ಬೇರೆಯೇ ಪ್ರಶ್ನೆ. ಹಚ್ಚಿದ್ದು ನೆನಪಿತ್ತು, ಆದರೆ ಆ ನೆನಪು ಯಾವ ರಾತ್ರಿಯದು ಎಂದು ನೆನಪಿರಲಿಲ್ಲ. ಸೈಕಲ್ಲು ದೂಡಿಕೊಂಡು ಮನೆಗೆ ಬಂದೆವು. ಕೆಲವು ದಿನ ಬಿಟ್ಟು ಮತ್ತೆ ಹಾಗೆಯೇ ಆಯಿತು. ನಾನು ನನ್ನನ್ನೇ ಕಾಯತೊಡಗಿದೆ. ದೀಪವನ್ನು ಚಾರ್ಜಿಗೆ ಹಚ್ಚುವಾಗ "ಹಚ್ಚುತ್ತಿದ್ದೇನೆ" ಎಂದು ಗಟ್ಟಿಯಾಗಿ ಹೇಳಿಕೊಂಡೆ. ಬೆಳಿಗ್ಗೆ, ಹೇಳಿಕೊಂಡದ್ದಷ್ಟೇ ನೆನಪಿರುತ್ತಿತ್ತು.

ಥಂಡಿಯ ಮೇಲೆ ಸಂಶಯ ಬರಲೇ ಇಲ್ಲ. ನಮ್ಮ ಕಡೆ ಏನು ಕೆಟ್ಟರೂ ತಪ್ಪು ಬಿಸಿಲಿನದು. ಮೊದಲ ಬೇಸಿಗೆಯಲ್ಲೇ ಈ ದೀಪ ಅಂಗಳದ ಬಿಸಿಲಿಗೆ ಮುಟ್ಟಲಾರದಷ್ಟು ಕಾದಾಗ, ಮನೆಯ ಅತಿ ತಂಪು ಜಾಗದಲ್ಲಿ, ಹಸಿ ಬಟ್ಟೆ ಸುತ್ತಿದ ಕುಡಿಯುವ ನೀರಿನ ಮಣ್ಣಿನ ಕೊಡದ ಪಕ್ಕ ಅದಕ್ಕೆ ಸ್ಥಾನ ಕೊಟ್ಟಿದ್ದೆವು. ನನ್ನ ಬಿಪಿ ಗುಳಿಗೆ, ಟೊಮೇಟೊ, ಮೇಣದಬತ್ತಿ ಎಲ್ಲವೂ ಅಲ್ಲಿಯೇ. ಚಾರ್ಜಾದ ಮೇಲೆ ದೀಪವನ್ನು ಅಲ್ಲಿಡುವುದು ರೂಢಿಯಾಯಿತು. ಚಳಿಗಾಲ ಬಂದರೂ ಅದನ್ನು ಎತ್ತಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಮತ್ತೊಂದು ನಸುಕಿನಲ್ಲಿ ದೀಪ ಇಳಿಜಾರಿನ ತಲೆಯಲ್ಲೇ ಆರಿತು. ಗಿರಿಜಾ ಕತ್ತಲಲ್ಲಿ ಗಕ್ಕನೆ ಬ್ರೇಕು ಹಾಕಿ, ಜಾರಿ, ಹೇಗೋ ಕಾಲೂರಿ ನಿಂತಳು. ಅತ್ತ ಕಡೆಯಿಂದ ಲಾರಿಯೊಂದು ಬುಸುಗುಟ್ಟುತ್ತ ಹೋಯಿತು.

"ಗಿರಿಜಾ, ಇನ್ನ ಸಾಕು. ನನ್ನ ತಲಿ ನೆಚ್ಚಿ ನೀ ಕತ್ತಲದಾಗ ಬರೂದು ಬ್ಯಾಡ. ಸೈಕಲ್ ಬಿಟ್ಟುಬಿಡೂಣು."

ಅವಳು ನನ್ನ ಹ್ಯಾಂಡಲ್ಲಿನಿಂದ ದೀಪ ಬಿಚ್ಚಿ, ಶಾಲಿನೊಳಗೆ ಇಟ್ಟುಕೊಂಡು, ಸೈಕಲ್ಲು ದೂಡುತ್ತ ಮುಂದೆ ನಡೆದಳು. ರಸ್ತೆ ಬದಿಯ ಚಹಾದ ಅಂಗಡಿಯಲ್ಲಿ ಆಗಷ್ಟೇ ಒಲೆ ಹೊತ್ತಿತ್ತು. ಅಂಗಡಿಯ ಮಹಿಬೂಬ, "ಏನ್ರಿ ಸರ, ಗಾಡಿ ದೂಡಿಕೋತ ಬರಾಕತ್ತೀರಿ? ಪೆಟ್ರೋಲ್ ಖಲಾಸ್ ಆತೇನು?" ಎಂದ. ಗಿರಿಜಾ ಸೆರಗು ಹೊದ್ದು, ರಸ್ತೆಗೆ ಬೆನ್ನು ಮಾಡಿ, ಒಲೆಯ ಪಕ್ಕದಲ್ಲಿ ಕೂತಳು. ಒಂದು ಕೈಯಲ್ಲಿ ಬಿಸಿ ಚಹಾ, ಶಾಲಿನೊಳಗಿನ ಇನ್ನೊಂದು ಕೈಯಲ್ಲಿ ದೀಪ. ಚಹಾ ಮುಗಿಯುವ ಹೊತ್ತಿಗೆ ಅವಳು ದೀಪ ಹೊರತೆಗೆದು, ಯಾವುದೋ ಯೋಚನೆಯಲ್ಲಿ ಗುಂಡಿ ಒತ್ತಿದಳು. ಬೆಳಕು ನೇರ ಮಹಿಬೂಬನ ಮುಖಕ್ಕೆ ಹೊಡೆಯಿತು.

"ಯಾ ಅಲ್ಲಾ! ಅಕ್ಕಾರ, ನನ್ನ ಕಣ್ಣ ತಗೀತೀರೇನ್ರಿ?"

ನಾನು ಬೆಂಚಿನಿಂದ ಎದ್ದೇಬಿಟ್ಟೆ. ಆರಿದ್ದ ದೀಪ ಕಾವು ತಾಗಿದ್ದಕ್ಕೆ ಹೊತ್ತಿದೆ! ಥಂಡಿಯಲ್ಲಿ ಬ್ಯಾಟರಿಯ ಒಳಗಿನ ಕ್ರಿಯೆ ಮಂದವಾಗುತ್ತದೆ ಎಂದು ಎಲ್ಲೋ ಓದಿದ್ದು ನೆನಪಾಯಿತು. ಓದಿದ್ದೆನೆಂದೇ ಇಟ್ಟುಕೊಳ್ಳಿ. ನಮ್ಮ ಥಂಡಿಯನ್ನು ಕಂಡರೆ ಕಾಶ್ಮೀರದವರು ನಕ್ಕಾರು. ಹೊಸ ಬ್ಯಾಟರಿಯೂ ನಕ್ಕೀತು. ಆದರೆ ನಮ್ಮದು ಬಿಸಿಲುಂಡು ಮೊದಲೇ ಸೊರಗಿದ ಬ್ಯಾಟರಿ, ಮೇಲೆ ರಾತ್ರಿಯಿಡೀ ನೀರಿನ ಕೊಡದ ಪಕ್ಕ. ಇದನ್ನೆಲ್ಲ ಮಹಿಬೂಬನಿಗೆ ಸವಿಸ್ತಾರವಾಗಿ ವಿವರಿಸಿದೆ.

"ಹೌದ್ರಿ ಸರ," ಎಂದ ಅವನು. "ನಿಮ್ಮ ಚಹಾನೂ ಥಂಡಿ ಆಗಾಕತ್ತದ."

ಮರಳುವಾಗ ದೀಪ ಬೆಳಗುತ್ತಿತ್ತು, ನಾನೂ. "ಅಂದ್ರ ನಾ ಮರತಿದ್ದಿಲ್ಲ! ಸೈಕಲ್ ಬಿಡೂದು ಬ್ಯಾಡ. ಇನ್ನ ನೀ ಕೇಳೂದೂ ಬ್ಯಾಡ, ಚಾರ್ಜಿನ ಜವಾಬ್ದಾರಿ ಪೂರಾ ನಂದ."

"ಅಯ್ಯ, ಅದೊಂದು ಬ್ಯಾಡ್ರಿ!"

ಮಾತು ಗಿರಿಜಾಳ ಬಾಯಿಂದ ಜಾರಿತ್ತು. ಆಮೇಲೆ ಮೆಲ್ಲಗೆ ಹೇಳಿದಳು: "ಮೊದಲ ಸಲ ಆರಿತ್ತಲ್ಲ, ಅವತ್ತಿನಿಂದ ನೀವು ಮಲಗಿದ ಮ್ಯಾಲ ನಾನ ಚಾರ್ಜಿಗಿ ಹಚ್ಚಿ, ತುಂಬಿದ ಮ್ಯಾಲ ಕೊಡದ ಬಾಜೂಕ ಇಡಾಕತ್ತೀನ್ರಿ."

"ನನಗ ಹೇಳಬಾರದೇನು?"

"ಹೇಳಿದ್ರ ಮನಸಿಗಿ ಹಚ್ಕೋತಿದ್ರಿ. ಈಗ ಪೂರಾ ನಿಮ್ಮ ಕೈಯಾಗ ಕೊಟ್ರ, ನನ್ನ ಸೈಕಲ್ ಗತಿ ಏನ್ರಿ?"

ನಾನು ತರ್ಕಕ್ಕೆ ಇಳಿದೆ. ನಾನು ಹಚ್ಚಿ, ತುಂಬಿದ ಮೇಲೆ ತೆಗೆದು, ಕೊಡದ ಪಕ್ಕ ಇಟ್ಟು ಮಲಗಿರಬಹುದಲ್ಲ? ತುಂಬಿದ್ದನ್ನೇ ಅವಳು ಮತ್ತೆ ಹಚ್ಚಿರಬಹುದಲ್ಲ?

"ಹೌದ್ರಿ, ಹಂಗೂ ಇರಬಹುದು," ಎಂದಳು. ಅಷ್ಟು ಬೇಗ ಅವಳು ಒಪ್ಪಿದ್ದೇ ನನಗೆ ಸರಿಬರಲಿಲ್ಲ.

ಇದನ್ನು ತೀರ್ಮಾನಿಸಲು ಒಂದೇ ದಾರಿಯಿತ್ತು. ದೀಪದ ಬೆನ್ನಿಗೆ ಸಣ್ಣ ಬೆಳಕೊಂದಿದೆ. ಚಾರ್ಜಿಗೆ ಹಚ್ಚಿದಾಗ ಖಾಲಿಯಿದ್ದರೆ ಕೆಂಪು, ಅಂದರೆ ನಾನು ಮರೆತಿದ್ದೆ; ತುಂಬಿದ್ದರೆ ಹಸಿರು. "ನೀ ಹಚ್ಚಿದಾಗ ಯಾವ ಬಣ್ಣ ಇತ್ತು?" ಎಂದು ಕೇಳಿದೆ.

ಗಿರಿಜಾ ರಸ್ತೆಯನ್ನೇ ನೋಡುತ್ತ ಸೈಕಲ್ಲು ನಡೆಸಿದಳು. "ನೋಡಿಲ್ರಿ. ಕತ್ತಲದಾಗ ಬಣ್ಣ ಎಲ್ಲಿ ಕಾಣ್ತದ?"

ಕತ್ತಲಲ್ಲೇ ಅದು ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ ಎನ್ನಲು ಬಾಯಿ ತೆರೆದವನು, ಮುಚ್ಚಿಕೊಂಡು ಪೆಡಲು ತುಳಿದೆ.