ಕರಗಿದ ಅಲ್ಯೂಮಿನಿಯಮ್ಮಿಗೆ ಹೆಪ್ಪು

ನಮ್ಮ ಹೊಸಪೇಟೆಯ ಫೌಂಡ್ರಿಯಲ್ಲಿ ನಾನು ಬಾಯಿ ಬಿಟ್ಟರೆ ಸಾಕು, ಏನಾದರೊಂದು ಎಡವಟ್ಟು ಆಗೇ ಆಗುತ್ತದೆ. ಆ ವಾರವಂತೂ ತಲೆ ಗಿರ್ರ್ ಅಂದುಬಿಟ್ಟಿತ್ತು. ಕಂಪ್ಲಿಯ ಪಂಪಿನ ಅಂಗಡಿಯವರಿಗೆ ಹೊಯ್ದುಕೊಟ್ಟ ಅಲ್ಯೂಮಿನಿಯಂ ಮುಚ್ಚಳಗಳೆಲ್ಲ ನೀರು ಸೋರಿ ವಾಪಸ್ ಬಂದಿದ್ದವು.

"ಇಂಜಿನಿಯರ್ ಸಾಹೇಬ್ರ, ಶನಿವಾರ ಅವ್ರು ನೋಡಾಕ ಬರ್ತಾರ. ಮತ್ತ ಸೋರಿದ್ರ ನೀವು ಬ್ಯಾರೆ ಕಡೆ ಕೆಲ್ಸ ಹುಡುಕ್ಕೊಳ್ರಿ," ಅಂದರು ಮಾಲೀಕರು.

೧. ಹೆಪ್ಪು

ಲೋಹ ಆರುವಾಗ ಒಳಗೆ ದೊಡ್ಡ ದೊಡ್ಡ ಹರಳು ಕಟ್ಟಿ, ಅವುಗಳ ಸಂದಿಯಲ್ಲಿ ನೀರು ಜಿನುಗುತ್ತಿದ್ದದ್ದೇ ರೋಗ. ಹರಳು ಸಣ್ಣದಾಗಲಿ ಅಂತ ಟೈಟಾನಿಯಂ-ಬೋರಾನ್ ಕಡ್ಡಿ ತರಿಸಿದೆ. ಫರ್ನೆಸ್ ನೋಡಿಕೊಳ್ಳುವ ಸಂಡೂರಿನ ಮೇಸ್ತ್ರಿ ಬೆರಳುದ್ದದ ತುಂಡು ನೋಡಿ ನಕ್ಕರು.

"ಇಷ್ಟು ಲೋಹಕ್ಕ ಇಷ್ಟ ಸಾಕೇನ್ರಿ?"

"ಹಾಲಿಗೆ ಹೆಪ್ಪು ಎಷ್ಟು ಹಾಕ್ತೀರಿ? ಹಂಗ ಇದೂ," ಅಂದೆ. ಎಷ್ಟು ಚಂದ ತಿಳಿಸಿಕೊಟ್ಟೆ ಅಂತ ನನಗೇ ಹೆಮ್ಮೆ.

ಕಡ್ಡಿ ಹಾಕಿದ ಮೇಲೆ ಚೆನ್ನಾಗಿ ಕಲಕಿ, ಹತ್ತು ನಿಮಿಷದೊಳಗೆ ಹೊಯ್ಯಬೇಕು. ತಡವಾದರೆ ಅದರ ಕಣಗಳು ತಳ ಸೇರಿ ಹಾಕಿದ್ದೇ ದಂಡ. ಊಟ ಮುಗಿಸಿ ಬಂದು ನೋಡುತ್ತೇನೆ, ಫರ್ನೆಸ್ಸಿನ ಬಾಯಿಗೆ ತಗಡು ಮುಚ್ಚಿದೆ, ಪಕ್ಕದಲ್ಲಿ ಮೇಸ್ತ್ರಿ ಕಾವಲು ಕೂತಿದ್ದಾರೆ.

"ಇನ್ನೂ ಹೊಯ್ದಿಲ್ಲೇನ್ರಿ?"

"ಶ್ಶ್! ಹೆಪ್ಪು ಹಾಕಿ ಒಂದು ತಾಸಾತು. ಅಲುಗಾಡಿಸಬ್ಯಾಡ್ರಿ, ನೀರು ಬಿಡ್ತೈತಿ!"

೨. ನಿನ್ನೆಯದು

ಆ ಮುಚ್ಚಳಗಳೂ ಸೋರಿದವು. ಮರುದಿನ, "ಹಾಕ್ರಿ, ಕಲಕ್ರಿ, ಜಲ್ದಿ ಹೊಯ್ರಿ," ಅಂತ ಮೂರು ಸಲ ಹೇಳಿಹೋದೆ. ಪಾಪ, ಹಾಕಿದರು, ಕಲಕಿದರು, ಜಲ್ದಿ ಹೊಯ್ದರು. ಆದರೂ ಸೋರಿತು! ನನಗೆ ದಿಕ್ಕೇ ತೋಚಲಿಲ್ಲ. ನಾನು ಕಲಿತದ್ದೇ ತಪ್ಪೇನೋ ಅಂತ ಅನುಮಾನ ಬಂತು. ಕೊನೆಗೆ ಕಡ್ಡಿಯ ಪೆಟ್ಟಿಗೆ ತೆಗೆದು ಎಣಿಸಿದರೆ ಒಂದೂ ಕಡಿಮೆಯಾಗಿಲ್ಲ.

"ಮತ್ತ ಹಾಕಿದ್ದೇನ್ರಿ ಮೇಸ್ತ್ರಿ?"

"ನಿನ್ನಿ ಮುಚ್ಚಳದ್ದ ಒಂದು ತುಂಡು. ಮನ್ಯಾಗ ನಿನ್ನಿ ಮೊಸರು ಇದ್ರ ಹೆಪ್ಪಿಗಂತ ಯಾರರ ಅಂಗಡಿಗೆ ಹೋಗ್ತಾರೇನ್ರಿ?"

೩. ಶನಿವಾರ

ಶುಕ್ರವಾರ ಮೇಸ್ತ್ರಿಯ ಕೈಗೆ ಚಹಾ ಕೊಟ್ಟು ಕೂರಿಸಿ, ನಾನೇ ಕಡ್ಡಿ ಹಾಕಿ, ಕಲಕಿ, ಗಡಿಯಾರ ನೋಡುತ್ತ ಹೊಯ್ದೆ. ಶನಿವಾರ ಕಂಪ್ಲಿಯವರ ಎದುರಿಗೇ ಮುಚ್ಚಳಕ್ಕೆ ಜೋರಾಗಿ ನೀರು ಬಿಟ್ಟೆವು. ಒಂದು ಹನಿ ಸೋರಲಿಲ್ಲ! ಹೋದ ಜೀವ ಬಂದಂತಾಯಿತು.

ಅಷ್ಟಕ್ಕೇ ಸುಮ್ಮನಿರಬಾರದೇ ನಾನು? ಜಂಬಕ್ಕೆ ಹೊಸ ಮುಚ್ಚಳದ್ದೊಂದು, ಮೇಸ್ತ್ರಿಯ ಮುಚ್ಚಳದ್ದೊಂದು ತುಂಡು ಕೊಯ್ದು, ಒಳಗಿನ ಹರಳು ಕಾಣಲಿ ಅಂತ ಆಸಿಡ್ಡಿನಲ್ಲಿ ಅದ್ದಿ ಮುಂದಿಟ್ಟೆ. ಸಣ್ಣ ಹರಳಿನ ನನ್ನ ತುಂಡು ಬೂದಿಯಂತೆ ಮಂಕಾಗಿತ್ತು. ದೊಡ್ಡ ಹರಳಿನ ಮೇಸ್ತ್ರಿಯ ತುಂಡು ಥಳಥಳ ಹೊಳೆಯುತ್ತಿತ್ತು. ಕಂಪ್ಲಿಯವರು ಅದನ್ನೇ ಎತ್ತಿಕೊಂಡರು.

"ಮಾಲು ಅಂದ್ರ ಇದು ನೋಡ್ರಿ, ಮಸ್ತ್ ಐತಿ! ಯಾರು ಮಾಡಿದ್ದು?"

"ನಾನ್ರಿ," ಅಂದರು ಮೇಸ್ತ್ರಿ, ಎದೆಯುಬ್ಬಿಸಿ.

"ಅಯ್ಯೋ, ಅದು ಸೋರ್ತೈತ್ರೀ!" ಅಂತ ಕೂಗಿಕೊಂಡೆ.

ಮಾಲೀಕರು ನನ್ನ ಹೆಗಲ ಮೇಲೆ ಕೈಯಿಟ್ಟರು. "ನಿಮ್ಮ ಕೆಲ್ಸ ಎಲ್ಲೂ ಹೋಗಂಗಿಲ್ಲ, ಹೆದರಬ್ಯಾಡ್ರಿ. ನಾಳಿಯಿಂದ ಮೇಸ್ತ್ರಿ ಹೇಳ್ದಂಗ ಮಾಡ್ರಿ. ಸೋರದಂಗ ಮಾತ್ರ ನೀವು ನೋಡ್ಕೊಳ್ರಿ!"